ಪಕ್ಕದ ಮನೆಯವರ ಜ್ವರ

ಆ ಕಾಯಿಲೆಯ ಕಾಲದಲ್ಲಿ ನಮ್ಮ ಬಸ್ ಡಿಪೋದ ಕ್ವಾರ್ಟರ್ಸಿನಲ್ಲಿ ಜ್ವರ ಬರುತ್ತಿದ್ದದ್ದು ಬರೀ ಪಕ್ಕದ ಮನೆಯವರಿಗೆ. ವಾರಕ್ಕೊಂದು ಸಂಜೆ ಆರೋಗ್ಯ ಇಲಾಖೆಯ ತಜ್ಞರು ಡಿಪೋದ ಅಂಗಳಕ್ಕೆ ಬಂದು ನಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಮೈಕಿನ ಮುಂದೆ ನಿಂತವರೆಲ್ಲ ಒಂದೇ ರಾಗ ಹಾಡುತ್ತಿದ್ದರು: "ಏನಿಲ್ಲ ಡಾಕ್ಟ್ರೇ, ನಮ್ಮ ಪಕ್ಕದ ಮನೆಯವರಿಗೆ ಸ್ವಲ್ಪ ಮೈ ಬಿಸಿ..." ಟೈರ್ ಸೆಕ್ಷನ್ನಿನವನು ಹೀಗೆ ಕೇಳಿ ಇಳಿದರೆ, ಅವನ ಪಕ್ಕದ ಮನೆಯವನು ಹಿಂದೆಯೇ ಬಂದು ತನ್ನ ಪಕ್ಕದ ಮನೆಯವರ ಕೆಮ್ಮಿಗೆ ಏನು ಮಾಡಬೇಕು ಅಂತ ಕೇಳುತ್ತಿದ್ದ. ಬರುವ ಕೆಮ್ಮನ್ನು ನುಂಗಿ ನುಂಗಿ ಅವನ ಕಣ್ಣಲ್ಲಿ ನೀರು ತುಂಬಿರುತ್ತಿತ್ತು. ನಗಬೇಕೋ ಅಳಬೇಕೋ ಗೊತ್ತಾಗುತ್ತಿರಲಿಲ್ಲ.

ಹೀಗೆ ಸುಳ್ಳು ಹೇಳದೆ ಗತಿಯೂ ಇರಲಿಲ್ಲ. ನಮ್ಮ ಮನೆಯಲ್ಲೇ ಜ್ವರ ಅಂತ ಬಾಯಿಬಿಟ್ಟರೆ ಬಾಗಿಲಿಗೆ ಅಡ್ಡಡ್ಡ ಕೆಂಪು ಟೇಪು ಬೀಳುತ್ತಿತ್ತು. ಮುದುಕರು, ಮಕ್ಕಳು ಅನ್ನದೆ ಮನೆಮಂದಿಯನ್ನೆಲ್ಲ ವ್ಯಾನಿಗೆ ತುಂಬಿ ಶಾಲೆಯ ಕಟ್ಟಡಕ್ಕೆ ಸಾಗಿಸುತ್ತಿದ್ದರು. ಅಲ್ಲಿ ಒಂದು ಕೋಣೆಯಲ್ಲಿ ಎಷ್ಟು ಜನರೋ, ಒಂದು ನಲ್ಲಿಗೆ ಎಷ್ಟು ಜನರೋ. ಜ್ವರ ಇಲ್ಲದೆ ಹೋದವರಿಗೂ ಅಲ್ಲೇ ಜ್ವರ ಬರುತ್ತೆ ಅನ್ನುವ ಸುದ್ದಿ ಹಬ್ಬಿತ್ತು. ತಜ್ಞರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಅವರು, "ನಿಮ್ಮ ಪಕ್ಕದ ಮನೆಯವರಿಗೆ ಹೀಗ್ಹೀಗೆ ಹೇಳಿ" ಅಂತ ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದರು.

ಅಂಗಳದಲ್ಲಿ ಬಸ್ಸುಗಳು ಸಾಲಾಗಿ ನಿಂತು ಧೂಳು ತಿನ್ನುತ್ತಿದ್ದವು. ಅವುಗಳ ನಡುವಿನ ಜಾಗದಲ್ಲಿ ಬಿಳಿ ಬಣ್ಣದ ವೃತ್ತಗಳನ್ನು ಎಳೆದಿದ್ದರು. ಒಬ್ಬೊಬ್ಬರು ಒಂದೊಂದು ವೃತ್ತದಲ್ಲಿ ನಿಲ್ಲಬೇಕು. ಮುಂದೆ, ಟೈರ್ ಶೆಡ್ಡಿನ ಕಟ್ಟೆಯ ಮೇಲೆ ಮೂರು ಕುರ್ಚಿ. ಪ್ಲಾಸ್ಟಿಕ್ ಚೀಲ ಸುತ್ತಿದ ಮೈಕನ್ನು ಪ್ರತಿಯೊಬ್ಬರು ಮಾತಾಡಿದ ಮೇಲೂ ಒರೆಸುತ್ತಿದ್ದರು. ಪಕ್ಕದಲ್ಲಿ ನಮ್ಮ ಡಿಪೋ ಮ್ಯಾನೇಜರು ಗಂಟೆ ಹಿಡಿದು ನಿಲ್ಲುತ್ತಿದ್ದರು. ಒಬ್ಬರಿಗೆ ಒಂದೇ ಪ್ರಶ್ನೆ, ಮರುಪ್ರಶ್ನೆ ಇಲ್ಲ, ಎಲ್ಲರಿಗೂ ಉಪಯೋಗ ಆಗುವಂಥದ್ದನ್ನೇ ಕೇಳಬೇಕು ಅನ್ನುವುದು ಅವರ ಕಾನೂನು. ಬೇರೆ ದಿನಗಳಲ್ಲಿ ಬಾಯಿ ಬಿಡದ ಆ ಮನುಷ್ಯನಿಗೆ ಗಂಟೆ ಸಿಕ್ಕಿದ್ದೇ ತಡ, ಕೈ ನಿಲ್ಲುತ್ತಲೇ ಇರಲಿಲ್ಲ.

ಮೂವರು ತಜ್ಞರಿಗೂ ನಾವು ಹೆಸರಿಟ್ಟಿದ್ದೆವು. ಪ್ರಯೋಗಾಲಯದವರು ದೊಡ್ಡ ಕನ್ನಡಕ. ಯಾವ ಪ್ರಶ್ನೆ ಕೇಳಿದರೂ ಹಲಗೆಯ ಮೇಲೆ ಏರುವ ಗೀಟು, ಇಳಿಯುವ ಗೀಟು ತೋರಿಸುತ್ತಿದ್ದವರು ಗೀಟು ಮೇಷ್ಟ್ರು. "ಇದು ಯಾವಾಗ ಮುಗಿಯುತ್ತೆ ಸಾರ್?" ಅಂತ ಕ್ಯಾಂಟೀನಿನವನು ಕೇಳಿದಾಗ ಅವರು ತೋರಿಸಿದ ಗೀಟು ಹಲಗೆ ಮುಗಿದರೂ ಮುಗಿದಿರಲಿಲ್ಲ. ಮೂರನೆಯವರು ಡಾಕ್ಟ್ರಮ್ಮ. ಅವರಿಗೆ ಅಡ್ಡಹೆಸರಿಡಲು ಯಾರಿಗೂ ಮನಸ್ಸು ಬರಲಿಲ್ಲ. ಸ್ಟಿಯರಿಂಗ್ ಅನ್ನು ಸೋಪಿನ ನೀರಲ್ಲಿ ತೊಳೆದು ತೊಳೆದು ಕೈ ಸುಲಿದುಕೊಂಡ ಡ್ರೈವರನನ್ನು ಎಲ್ಲರೂ ಗೇಲಿ ಮಾಡಿದಾಗ, ಆಯಮ್ಮ ಮಾತ್ರ ನಗಲಿಲ್ಲ. "ಕೈಗೆ ಎಣ್ಣೆ ಹಚ್ಕೊಳ್ಳಿ ಅಣ್ಣ, ಹೆದರಿಕೆ ಎಲ್ಲರಿಗೂ ಇದೆ" ಅಂದರು. ಅಂದಿನಿಂದ ಕ್ವಾರ್ಟರ್ಸಿನಲ್ಲಿ ಆಯಮ್ಮನ ಮಾತೇ ಮಾತು.

ನನ್ನ ಗಂಡ ಕಂಡಕ್ಟರ್. ಡಿಪೋದಲ್ಲಿ ಅವರನ್ನು ಕರೆಯುತ್ತಿದ್ದದ್ದು ರೇಡಿಯೋ ಅಂತ. ಎದ್ದಾಗ ಶುರುವಾದ ಮಾತು ಮಲಗಿದಾಗಲೇ ನಿಲ್ಲುತ್ತಿತ್ತು. ನಿದ್ದೆಯಲ್ಲೂ ಒಮ್ಮೊಮ್ಮೆ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಿದ್ದರು. ಮಂಚದಲ್ಲಿ ಎಲ್ಲಿ ಮುಂದೆ ಹೋಗುವುದು ನಾನು! ನಾನು ಅದೇ ಡಿಪೋದ ಹೊಲಿಗೆ ಶೆಡ್ಡಿನಲ್ಲಿ ಬಸ್ಸಿನ ಸೀಟುಗಳಿಗೆ ಕವರ್ ಹೊಲಿಯುವವಳು. ಆಗ ಸೀಟು ಹರಿಯಲು ಕೂರುವವರೇ ಇರಲಿಲ್ಲ, ಮಾಸ್ಕು ಹೊಲಿಯುತ್ತಿದ್ದೆ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮತ್ತೆ. ಅತ್ತೆಗೆ ಒಂದೇ ಮಗ, ಒಂದೇ ಜಗತ್ತು. ಅವರ ಮಗನ ಬಗ್ಗೆ ನಾನು ಏನಾದರೂ ಅಂದರೆ ಮುಗಿಯಿತು, ಮೂರು ದಿನ ಪಾತ್ರೆಗಳು ಜೋರಾಗಿ ಸದ್ದು ಮಾಡುತ್ತಿದ್ದವು.

ಬಸ್ಸುಗಳು ನಿಂತಮೇಲೆ ಕೆಲವನ್ನು ಸೀಟು ಕಿತ್ತು ರೋಗಿಗಳನ್ನು ದೊಡ್ಡಾಸ್ಪತ್ರೆಗೆ ಸಾಗಿಸಲು ಬಿಟ್ಟಿದ್ದರು. ಇವರಿಗೆ ಅದರಲ್ಲಿ ಡ್ಯೂಟಿ ಬಿತ್ತು. ನೆಲದ ಮೇಲೆ ಹಾಸಿದ ಹಾಸಿಗೆಗಳು ಅತ್ತಿತ್ತ ಜಾರದಂತೆ ಹಿಡಿದು ಕೂರುವುದು, ಹೆದರಿದವರ ಜೊತೆ ಮಾತಾಡುತ್ತಾ ಇರುವುದು ಕೆಲಸ. ಮಾತಾಡುವುದರಲ್ಲಂತೂ ಇವರದು ಎತ್ತಿದ ಕೈ. ಆದರೆ ಆ ಡ್ಯೂಟಿಯಿಂದ ಬಂದ ದಿನ ಮನೆಯಲ್ಲಿ ರೇಡಿಯೋ ಬಂದ್. ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ನಾನೇ ಕೆದಕಿದೆ. "ಎಷ್ಟೋ ಜನರನ್ನ ಇಳಿಸಿ ಬಂದೆ ಕಣೇ. ವಾಪಸ್ ಹತ್ತಿದೋರು ಒಬ್ಬರೂ ಇಲ್ಲ" ಅಂದರು. ಅಷ್ಟೇ ಹೇಳಿ ಕೈ ತೊಳೆದುಕೊಂಡರು.

ಹಾಗಾಗಿ ಅವರಿಗೇ ಜ್ವರ ಬಂದಾಗ ಆಸ್ಪತ್ರೆಯ ಮಾತು ಎತ್ತುವಂತಿರಲಿಲ್ಲ. ಜ್ವರ ಬರುತ್ತಿತ್ತು, ಬಿಡುತ್ತಿತ್ತು. ಸುಸ್ತು, ಬಾಯಿ ರುಚಿ ಇಲ್ಲ, ಊಟ ಸೇರುತ್ತಿಲ್ಲ. ನಾನು ಹೇಳಿ ನೋಡಿದೆ, ಬೈದು ನೋಡಿದೆ, ಕೈ ಮುಗಿದೂ ನೋಡಿದೆ. ಒಂದಕ್ಕೂ ಜಗ್ಗಲಿಲ್ಲ. "ಅಲ್ಲಿ ಯಾರೂ ನೋಡೋಕೆ ಬರಂಗಿಲ್ಲ, ಮಾತಾಡೋಕೆ ಒಂದು ನರಪಿಳ್ಳೆ ಇರಲ್ಲ. ಸಾಯೋದಾದ್ರೆ ಇಲ್ಲೇ ನಿನ್ನ ಬೈಗುಳ ಕೇಳ್ಕೊಂಡು ಸಾಯ್ತೀನಿ ಬಿಡು" ಅಂತ ತಮಾಷೆ ಬೇರೆ. ಅತ್ತೆಗೂ ಅದೇ ಬೇಕಾಗಿತ್ತು. ಕೊನೆಗೆ ನನಗೆ ತಲೆಕೆಟ್ಟು, "ಯಾರ ಮಾತು ಕೇಳ್ತೀರಿ ಹಾಗಾದ್ರೆ? ಅದಾದ್ರೂ ಹೇಳಿ" ಅಂತ ಕೂಗಿದೆ. ಸ್ವಲ್ಪ ಹೊತ್ತು ಸೂರು ನೋಡಿದರು. "ಡಾಕ್ಟ್ರಮ್ಮನ್ನ ಕೇಳು. ಆಯಮ್ಮ ಹೋಗು ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು" ಅಂದರು. ಅತ್ತೆ ಅದಕ್ಕೆ ಸಾಕ್ಷಿ.

ತಜ್ಞರು ಬರುವ ದಿನ ನಾನು ಮಧ್ಯಾಹ್ನವೇ ಹೋಗಿ ಮುಂದಿನ ವೃತ್ತ ಹಿಡಿದು ನಿಂತೆ. ನನ್ನ ಸರದಿ ಬಂದಾಗ ಬಾಯಿಂದ ಬಂದದ್ದು ಎಲ್ಲರದ್ದೇ ರಾಗ: "ನಮ್ಮ ಪಕ್ಕದ ಮನೆಯವರಿಗೆ ಜ್ವರ ಬಿಟ್ಟು ಬಿಟ್ಟು ಬರ್ತಿದೆ ಡಾಕ್ಟ್ರೇ, ತುಂಬಾ ಸುಸ್ತು. ಆಸ್ಪತ್ರೆಗೆ ಯಾವಾಗ ಕರ್ಕೊಂಡು ಹೋಗ್ಬೇಕು?"

ಡಾಕ್ಟ್ರಮ್ಮ ನನ್ನನ್ನು ಒಂದು ಗಳಿಗೆ ನೋಡಿದರು. ವಯಸ್ಸು ಕೇಳಿದರು, ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ. "ಬೆರಳಿಗೆ ಸಿಕ್ಕಿಸೋ ಯಂತ್ರ ಇದ್ರೆ ಅದರಲ್ಲಿ ನೋಡಬಹುದಿತ್ತು, ಅಂಗಡಿಗಳಲ್ಲಿ ಸಿಗ್ತಿಲ್ಲ ಅಂತ ನನಗೂ ಗೊತ್ತು. ಅದಿಲ್ಲದಿದ್ರೆ ಅವರ ಉಸಿರನ್ನ ಗಮನಿಸಿ. ದಿನಕ್ಕೆ ಮೂರು ನಾಲ್ಕು ಸಲ ಒಂದು ಉದ್ದದ ಮಾತನ್ನ ಒಂದೇ ಉಸಿರಿನಲ್ಲಿ ಹೇಳಿಸಿ. ಮಧ್ಯ ನಿಲ್ಲಿಸದೆ ಹೇಳಿದ್ರೆ ಸದ್ಯಕ್ಕೆ ಮನೇಲೇ ಇರಲಿ, ಬೋರಲು ಮಲಗಲಿ, ನೀರು ಕುಡಿಯಲಿ. ಅರ್ಧಕ್ಕೆ ಉಸಿರು ಕಟ್ಟಿದ್ರೆ ಒಂದು ಕ್ಷಣವೂ ಕಾಯ್ಬೇಡಿ. ಅಮ್ಮ, ಅಂದಹಾಗೆ ಅವರು..." ಅನ್ನುವಷ್ಟರಲ್ಲಿ ಮ್ಯಾನೇಜರು ಗಂಟೆ ಬಾರಿಸಿದರು. ನನ್ನ ಹಿಂದಿನವನು ಆಗಲೇ ಮೈಕು ಒರೆಸುತ್ತಿದ್ದ. ಆಯಮ್ಮ ಏನು ಕೇಳಹೊರಟಿದ್ದರೋ, ಅದು ಅಲ್ಲಿಗೇ ನಿಂತಿತು.

ಮನೆಗೆ ಬಂದು ಹೇಳಿದೆ. ಇವರ ಮುಖ ಅರಳಿತು. ಪರೀಕ್ಷೆ ಅಂದರೆ ಇಷ್ಟು ಸುಲಭದ್ದಾ ಅನ್ನುವ ಹಾಗೆ ಮಂಚದ ಮೇಲೆ ಎದ್ದು ಕೂತು, ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು, ಮಂಚದ ಕಬ್ಬಿಣದ ಪಟ್ಟಿಗೆ ಅಂಗೈಯಿಂದ ಎರಡು ಬಾರಿಸಿ ಶುರು ಮಾಡಿದರು.

"ಡಿಪೋ, ಹಳೇ ಸೇತುವೆ, ಕೋರ್ಟು," ಡಬ್ ಡಬ್, "ಹೆಣ್ಮಕ್ಕಳ ಶಾಲೆ, ಟಾಕೀಸು, ಮೀನು ಮಾರ್ಕೆಟ್ಟು," ಡಬ್ ಡಬ್, "ದೊಡ್ಡಾಸ್ಪತ್ರೆ, ಗಡಿಯಾರ, ರೈಲ್ವೆ ಗೇಟು," ಡಬ್ ಡಬ್, "ಗಾಜಿನ ಫ್ಯಾಕ್ಟರಿ, ನೀರಿನ ಟ್ಯಾಂಕು, ಲಾಸ್ಟ್ ಸ್ಟಾಪ್, ಇಳೀರಿ ಇಳೀರಿ ಇಳೀರಿ!"

ಒಂದು ತಡೆಯಿಲ್ಲ, ಒಂದು ತೊದಲಿಲ್ಲ. ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟು, ಬಸ್ಸಿನ ಪಕ್ಕಕ್ಕೆ ಬಡಿಯುತ್ತಾ ಅವರು ಇಷ್ಟು ವರ್ಷ ಕೂಗಿದ್ದು ಹೀಗೆಯೇ. ನನಗೆ ಮದುವೆಗೆ ಮುಂಚೆ ಅವರು ಇಷ್ಟವಾದದ್ದೂ ಈ ಕೂಗಿಗೇ ಅಂತ ಬೇಕಾದರೆ ಹೇಳಿಬಿಡುತ್ತೇನೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಕೈ ಸೇರಿಸಿ ಚಪ್ಪಾಳೆ ತಟ್ಟಿದರು. "ನೋಡಿದೆಯಾ? ನನ್ನ ಮಗನ ಉಸಿರು ಉಕ್ಕಿನ ಥರ ಇದೆ" ಅಂತ ನನಗೊಂದು ಮಾತು ಬಿಟ್ಟರು. ನನಗೂ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಮತ್ತೆ ಪರೀಕ್ಷೆ, ಮತ್ತೆ ಪಾಸು. ಆದರೆ ಹೇಳಿ ಮುಗಿಸಿದ ಮೇಲೆ ಅವರು ಕಣ್ಣು ಮುಚ್ಚಿಕೊಂಡು ಗೋಡೆಗೆ ತಲೆ ಆನಿಸಿದರು. ಕಾಫಿ ಲೋಟ ಕೊಡುವಾಗ ಕೈಬೆರಳು ನೋಡಿದೆ. ದಿನವೂ ಬಟ್ಟೆಯ ಬಣ್ಣಕ್ಕೆ ಸರಿಹೊಂದುವ ದಾರ ಹುಡುಕುವವಳು ನಾನು, ಬಣ್ಣದ ವಿಷಯದಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ. ಉಗುರುಗಳ ಬುಡ ನೇರಳೆಗೆ ತಿರುಗಿತ್ತು. ಫೋನು ತೆಗೆದುಕೊಂಡು ಆಂಬುಲೆನ್ಸಿಗೆ ಮಾಡುತ್ತೇನೆ ಅಂದೆ.

ಅತ್ತೆ ಬಂದು ಬಾಗಿಲಿಗೆ ಅಡ್ಡ ನಿಂತರು. ಎರಡು ಕೈಯನ್ನೂ ಚೌಕಟ್ಟಿಗೆ ಹಿಡಿದುಕೊಂಡು, ನಾನೇನೋ ಅವರ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಓಡುವವಳ ಹಾಗೆ.

"ಡಾಕ್ಟ್ರು ಹೇಳಿದ ಪರೀಕ್ಷೆ ಪಾಸಾಗಿದ್ದಾನೆ. ಡಾಕ್ಟ್ರಿಗಿಂತ ನಿಂದೇನೇ ಜಾಸ್ತಿ?"

"ಉಗುರು ನೋಡಿ ಅತ್ತೆ, ನೇರಳೆ ಆಗಿದೆ."

"ಟಿಕೆಟ್ ಮೆಷಿನ್ ಶಾಯಿ ಇರ್ಬೇಕು. ಹುಟ್ಟಿಸಿದೋಳು ನಾನು. ನನ್ನ ಮಗ ಒಬ್ಬನೇ ಗೋಡೆ ನೋಡ್ಕೊಂಡು ಸಾಯೋಕೆ ನಾನು ಬಿಡಲ್ಲ. ಹೋಗೋದಾದ್ರೆ ನನ್ನನ್ನ ದಾಟ್ಕೊಂಡು ಹೋಗು."

ಟಿಕೆಟ್ ಮೆಷಿನ್ ಮುಟ್ಟಿ ಅವರಿಗೆ ಎಷ್ಟು ಕಾಲವಾಗಿತ್ತು! ನಾನು ಗಂಡನ ಕಡೆ ತಿರುಗಿದೆ. ಅವರು ಕಣ್ಣು ಬಿಡದೆಯೇ, "ಮಾತು ಅಂದ್ರೆ ಮಾತು" ಅಂದರು. ನನಗೆ ಬಂದ ಕೋಪಕ್ಕೆ ಫೋನನ್ನು ಹಾಸಿಗೆಯ ಮೇಲೆ ಎಸೆದು ಹೊಲಿಗೆ ಶೆಡ್ಡಿಗೆ ಹೋಗಿಬಿಟ್ಟೆ. ಅಲ್ಲಿ ಕೂತು ಒಂದರ ಮೇಲೊಂದು ಮಾಸ್ಕು ಹೊಲಿದೆ. ಸೂಜಿ ಮುರಿಯಿತು, ಬೇರೆ ಹಾಕಿದೆ, ಅದೂ ಮುರಿಯಿತು.

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ತಮ್ಮ ಕನ್ನಡಕ ಹುಡುಕುತ್ತಿದ್ದರು. ಹಿಂದಿನ ದಿನ ಅದರ ಕಡ್ಡಿ ಸರಿಮಾಡಿ ಇವರೇ ಎಲ್ಲೋ ಇಟ್ಟಿದ್ದರು. "ಎಲ್ಲಿಟ್ಟೆಯೋ?" ಅಂತ ಅತ್ತೆ ಕೇಳಿದರು.

"ಅಲ್ಲಿ..." ಅಂದರು ಇವರು. ಮಾತು ನಿಂತಿತು. "ಕಪಾಟು..." ಮತ್ತೆ ನಿಂತಿತು. ಬಾಯಿ ತೆರೆದು ಎದೆ ಮೇಲಕ್ಕೆತ್ತಿ ಗಾಳಿ ಎಳೆದುಕೊಂಡರು. "ಮೇಲೆ."

ಅತ್ತೆ ಕಪಾಟಿನ ಮೇಲೆ ಕೈಯಾಡಿಸುತ್ತಿದ್ದರು, ಅವರಿಗೆ ಕೇಳಿಸಿದ್ದು ಕನ್ನಡಕದ ಜಾಗ ಮಾತ್ರ. ನಾನು ತಟ್ಟೆ ಕೆಳಗಿಟ್ಟೆ. ಅಷ್ಟು ಸ್ಟಾಪುಗಳನ್ನು ಒಂದೇ ಉಸಿರಲ್ಲಿ ಹೇಳುವವರಿಗೆ ಮೂರು ಮಾತು ಆಡಲು ಯಾಕೆ ಆಗುತ್ತಿಲ್ಲ? ಹೋಗಿ ಮಂಚದ ಅಂಚಿಗೆ ಕೂತು ಅವರ ಎರಡೂ ಕೈಗಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗೆ ತಣ್ಣಗಿದ್ದವು. "ಈಗ ಹೇಳಿ. ಮಂಚ ಬಡಿಯದೆ ಹೇಳಿ" ಅಂದೆ.

"ಡಿಪೋ, ಹಳೇ ಸೇತುವೆ..." ಅಷ್ಟೇ. ಕೈಗಳು ಕೊಸರಾಡಿದವು. ಬಡಿಯಲು ಹುಡುಕಿದವು. ನಾನು ಬಿಡಲಿಲ್ಲ. ಕೋರ್ಟು ಬರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು, ಗಾಳಿಗಾಗಿ ಬಾಯಿ ತೆರೆದಿತ್ತು, ಕಣ್ಣಲ್ಲಿ ಆಶ್ಚರ್ಯ. ಅಲ್ಲಿಯವರೆಗೆ ಅವರಿಗೂ ಗೊತ್ತಿರಲಿಲ್ಲ ಅನ್ನುವುದು ನನಗೆ ಆಗ ಅರ್ಥವಾಯಿತು.

ನಾನು ಅದನ್ನು ಎಷ್ಟು ವರ್ಷ ಕೇಳಿದ್ದೆ, ಆದರೂ ನನಗೆ ಹೊಳೆದಿರಲಿಲ್ಲ. ಬಸ್ಸಿಗೆ ಬಡಿಯುವಾಗ ಆ ಸದ್ದಿನಲ್ಲಿ ಅವರು ಉಸಿರು ಎಳೆದುಕೊಳ್ಳುತ್ತಿದ್ದರು. ಕಂಡಕ್ಟರುಗಳೆಲ್ಲ ಹಾಗೇ ಅಂತೆ. ಗಂಟಲು ಉಳಿಸಿಕೊಳ್ಳಲು ಹಳಬರು ಹೊಸಬರಿಗೆ ಅದನ್ನು ಕಲಿಸುತ್ತಾರಂತೆ. ಕೂಗು ನಿಂತ ಹಾಗೆ ಯಾರಿಗೂ ಕೇಳಿಸಬಾರದು, ಪ್ರಯಾಣಿಕ ಬೇರೆ ಬಸ್ಸು ಹತ್ತಿಬಿಡುತ್ತಾನೆ. ಇವರು ಯಾರಿಗೂ ಮೋಸ ಮಾಡಲಿಲ್ಲ. ಅವರ ಮೈಗೆ ಬೇರೆ ಥರ ಕೂಗುವುದು ಗೊತ್ತೇ ಇರಲಿಲ್ಲ. ಕಳ್ಳ ಉಸಿರಿನ ಮೇಲೆ ಪಾಸಾದ ಪರೀಕ್ಷೆಗೆ ನಾವು ಮನೆಮಂದಿಯೆಲ್ಲ ಸಂಭ್ರಮಪಟ್ಟಿದ್ದೆವು.

ಈ ಸಲ ಅತ್ತೆ ಅಡ್ಡ ನಿಲ್ಲಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಆಂಬುಲೆನ್ಸು ಬೇಗ ಬರಲಿಲ್ಲ, ಅವತ್ತು ಯಾವ ಮನೆಗೆ ತಾನೇ ಬೇಗ ಬಂತು! ಬಂದಾಗ ಅಕ್ಕಪಕ್ಕದ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಇಷ್ಟು ದಿನ ಪಕ್ಕದ ಮನೆಯವರಿಗೆ ಇದ್ದ ಜ್ವರ ಕೊನೆಗೂ ಯಾರ ಮನೆಯದು ಅಂತ ಎಲ್ಲರಿಗೂ ತಿಳಿಯಿತು.

ಆಸ್ಪತ್ರೆಯ ಮುಂದೆ ಹಾಕಿದ್ದ ಡೇರೆಯಲ್ಲಿ ಒಬ್ಬ ಎಳೆಯ ಡಾಕ್ಟರು ಅವರ ಬೆರಳಿಗೆ ಯಂತ್ರ ಸಿಕ್ಕಿಸಿದ. ನೋಡಿದ. ತೆಗೆದು ಇನ್ನೊಂದು ಬೆರಳಿಗೆ ಸಿಕ್ಕಿಸಿದ. ನರ್ಸಿಗೆ ತೋರಿಸಿದ, ನನಗೆ ತೋರಿಸಲಿಲ್ಲ. "ಇಷ್ಟು ತಡ ಯಾಕೆ ಮಾಡಿದ್ರಿ?" ಅಂದ. ಅವನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ನಿಮ್ಮವರೇ ಹೇಳಿದ ಪರೀಕ್ಷೆ ಮಾಡಿದೆವು, ಒಂದಲ್ಲ ಮೂರು ಸಲ ಮಾಡಿದೆವು ಅಂತ ಕಿರುಚಬೇಕು ಅನ್ನಿಸಿತು. ಅವನ ಕಣ್ಣಿನ ಕೆಳಗೆ ಮಾಸ್ಕಿನ ಗೆರೆ ಗಾಯವಾಗಿತ್ತು, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಚಕ್ರದ ಮಂಚದಲ್ಲಿ ಅವರನ್ನು ಒಳಗೆ ತಳ್ಳಿಕೊಂಡು ಹೋದರು. ಹೋಗುವಾಗ ನನ್ನ ಕಡೆ ಕೈಯೆತ್ತಿ ಏನೋ ಹೇಳಲು ನೋಡಿದರು. ಮುಖದ ಮೇಲೆ ಆಗಲೇ ಆಕ್ಸಿಜನ್ನಿನ ಬಟ್ಟಲು ಕಟ್ಟಿದ್ದರು, ಏನು ಅಂತ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಮನೆ ಬಾಗಿಲಿಗೆ ಕೆಂಪು ಟೇಪು ಬಿತ್ತು. ನಮ್ಮನ್ನು ಶಾಲೆಗೆ ಒಯ್ಯಲಿಲ್ಲ, ಶಾಲೆ ತುಂಬಿಹೋಗಿತ್ತು. ಯಾವುದಕ್ಕೆ ಹೆದರಿ ಇಡೀ ಕ್ವಾರ್ಟರ್ಸು ಸುಳ್ಳು ಹೇಳುತ್ತಿತ್ತೋ ಅಲ್ಲಿ ಈಗ ಜಾಗವೇ ಇಲ್ಲ! ನಾನೂ ಅತ್ತೆಯೂ ಎರಡು ಕೋಣೆಯಲ್ಲಿ ಎದುರುಬದುರು ಬಿದ್ದಿದ್ದೆವು. ನನಗೆ ಸ್ವಲ್ಪ ಜ್ವರ ಬಂದು ಹೋಯಿತು, ಅತ್ತೆಗೆ ಅದೂ ಬರಲಿಲ್ಲ. ಆಸ್ಪತ್ರೆಯ ನರ್ಸು ಒಮ್ಮೆ ಕರುಣೆಯಿಂದ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದಳು. ನಾನು ಮಾತಾಡಿದೆ, ಅತ್ತೆ ಮಾತಾಡಿದರು. ಆ ಕಡೆಯಿಂದ ಯಂತ್ರ ಗಾಳಿ ತಳ್ಳುವ ಸದ್ದು ಬಿಟ್ಟು ಬೇರೇನೂ ಇಲ್ಲ. ರೇಡಿಯೋ ಅಂತ ಕರೆಸಿಕೊಂಡ ಮನುಷ್ಯ!

ಮರುದಿನ ಬೆಳಿಗ್ಗೆ ಇನ್ನೊಂದು ಫೋನು ಬಂತು. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹೆಣ ಕೊಡಲಿಲ್ಲ. ಮೈತುಂಬ ಬಿಳಿ ತೊಟ್ಟವರು ಎಲ್ಲಿಗೋ ಒಯ್ದರು, ಫೋನಿನಲ್ಲಿ ಒಂದು ಚಿತ್ರ ಕಳಿಸಿದರು. ಅದರಲ್ಲಿ ಇದ್ದದ್ದು ಒಂದು ಉದ್ದನೆಯ ಚೀಲ. ಅತ್ತೆಗೆ ಅದನ್ನು ತೋರಿಸಲಿಲ್ಲ.

ಅವರು ಮಗನ ಮಂಚ ಹಿಡಿದರು. ಊಟಕ್ಕೆ ಕರೆದರೆ "ಹಸಿವಿಲ್ಲ" ಅನ್ನುತ್ತಿದ್ದರು. ಮಂಚದ ಪಟ್ಟಿಯನ್ನು ಕೈಯಿಂದ ಸವರುತ್ತಾ ಕೂರುತ್ತಿದ್ದರು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ನನ್ನೊಳಗೆ ಒಂದೇ ಒಂದು ಮಾತು ಕುದಿಯುತ್ತಿತ್ತು: ಬಾಗಿಲಿಗೆ ಅಡ್ಡ ನಿಂತಿದ್ದು ನೀವು. ಅದನ್ನು ಹೇಳಿಬಿಡಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ. ಎದುರಿಗೆ ಹೋದರೆ ಅವರ ತಲೆ ಬಗ್ಗಿರುತ್ತಿತ್ತು, ನಡುನೆತ್ತಿಯ ಬಿಳಿಕೂದಲು ಕಾಣುತ್ತಿತ್ತು, ವಾಪಸ್ ಬರುತ್ತಿದ್ದೆ. ಬಂದಮೇಲೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಟೇಪು ತೆಗೆದ ವಾರ ತಜ್ಞರು ಬರುವ ಸಂಜೆ ಅತ್ತೆಯೇ ನನ್ನನ್ನು ಕರೆದರು. "ಒಂದು ಪ್ರಶ್ನೆ ಕೇಳ್ಕೊಂಡು ಬಾ" ಅಂದರು. ಯಾವ ಪ್ರಶ್ನೆ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು. "ಅವತ್ತು ಬೆಳಿಗ್ಗೆ ನೀನು ಫೋನ್ ಹಿಡ್ಕೊಂಡೆಯಲ್ಲ, ಆಗಲೇ ಕಳಿಸಿದ್ರೆ ಉಳೀತಿದ್ನಾ ಅಂತ ಕೇಳು. ಆಯಮ್ಮ ಏನು ಹೇಳ್ತಾರೋ ಅದನ್ನೇ ಬಂದು ಹೇಳು."

ಅಂಗಳದಲ್ಲಿ ವೃತ್ತಗಳು ಅರ್ಧ ಖಾಲಿ ಇದ್ದವು. ಹೆದರಿ ಬಾರದವರು ಎಷ್ಟೋ, ಇನ್ನು ಯಾವತ್ತೂ ಬಾರದವರು ಎಷ್ಟೋ. ಟೈರ್ ಸೆಕ್ಷನ್ನಿನವನು ಇದ್ದ, ಅವನ ಪಕ್ಕದ ಮನೆಯವನು ಇರಲಿಲ್ಲ. ನಾನು ಮೈಕಿನ ಮುಂದೆ ನಿಂತು, "ನನ್ನ ಗಂಡ" ಅಂದೆ. ಆ ಮೈಕಿನಲ್ಲಿ ಅಲ್ಲಿಯವರೆಗೆ ಯಾರೂ ತಮ್ಮ ಮನೆಯವರ ಬಗ್ಗೆ ಮಾತಾಡಿರಲಿಲ್ಲ.

"ನನ್ನ ಗಂಡ ಈ ಡಿಪೋದ ಕಂಡಕ್ಟರು. ಅವತ್ತು ಪಕ್ಕದ ಮನೆಯವರು ಅಂತ ಕೇಳಿದ್ದು ಇವರ ಬಗ್ಗೇನೇ. ನೀವು ಹೇಳಿದ ಪರೀಕ್ಷೆ ಮಾಡಿದೆವು. ಸ್ಟಾಪಿನ ಹೆಸರುಗಳನ್ನೆಲ್ಲ ಒಂದೇ ಉಸಿರಲ್ಲಿ ಹೇಳಿದ್ರು, ಮರುದಿನವೂ ಹೇಳಿದ್ರು. ಮಂಚ ಬಡಿಯೋ ಸದ್ದಿನಲ್ಲಿ ಉಸಿರು ಎಳ್ಕೋತಿದ್ದದ್ದು ಗೊತ್ತಾಗೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಬೆಳಿಗ್ಗೆನೇ ಕರ್ಕೊಂಡು ಬಂದಿದ್ರೆ ಉಳೀತಿದ್ರಾ?"

ಮ್ಯಾನೇಜರು ಗಂಟೆ ಬಾರಿಸಲಿಲ್ಲ. ದೊಡ್ಡ ಕನ್ನಡಕದವರು ಡಾಕ್ಟ್ರಮ್ಮನ ಕಿವಿಯಲ್ಲಿ, "ಒಬ್ಬೊಬ್ಬರ ವಿಷಯ ಇಲ್ಲಿ ಬೇಡ" ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಆಯಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎದ್ದು ನಿಂತರು. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಎಲ್ಲಿಡಬೇಕು ಅಂತ ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

"ಅವರು ಏನು ಕೆಲಸ ಮಾಡ್ತಾರೆ ಅಂತ ನಾನು ಅವತ್ತು ಕೇಳ್ಬೇಕಿತ್ತು. ಕೇಳೋಕೆ ಹೋದೆ, ಗಂಟೆ ಆಯ್ತು, ಬಿಟ್ಟೆ" ಅಂದರು. ಬಾಟಲಿಯನ್ನು ಕುರ್ಚಿಯ ಮೇಲಿಟ್ಟರು. "ಹೌದಮ್ಮ. ಬೆಳಿಗ್ಗೆ ಬಂದಿದ್ರೆ ಉಳಿಯೋ ಸಾಧ್ಯತೆ ಹೆಚ್ಚಿತ್ತು. ನಿಮಗೆ ಬೇರೆ ಮಾತು ಹೇಳೋಕೆ ನನ್ನಿಂದ ಆಗಲ್ಲ."

ಕೇಳಿ ನನಗೆ ಒಂದು ಥರ ಸಮಾಧಾನವೇ ಆಯಿತು. ಅಲ್ಲಿಯವರೆಗೆ ಬಂದು ಹೋದವರೆಲ್ಲ ಹಣೆಬರಹ, ವಿಧಿ, ಆಯಸ್ಸು ಅಂತ ನನ್ನ ತಲೆ ತಿಂದಿದ್ದರು. ಆಯಮ್ಮ ಒಬ್ಬರು ನನ್ನನ್ನು ಮನುಷ್ಯಳು ಅಂತ ಲೆಕ್ಕಕ್ಕೆ ಇಟ್ಟುಕೊಂಡು ಮಾತಾಡಿದರು. ನಾನು ವೃತ್ತಕ್ಕೆ ವಾಪಸ್ ಬರುವಾಗ ಅವರು ಎಲ್ಲರಿಗೂ ಹೇಳುತ್ತಿದ್ದರು: "ದಯವಿಟ್ಟು ಕೇಳಿಸ್ಕೊಳ್ಳಿ. ದಿನಾ ಹೇಳಿ ಅಭ್ಯಾಸ ಇರೋದನ್ನ ಹೇಳಿಸಬೇಡಿ. ಸುಮ್ಮನೆ ಮಾತಾಡಿಸಿ, ಪ್ರಶ್ನೆ ಕೇಳಿ, ಉತ್ತರ ಹೇಳುವಾಗ ನೋಡಿ. ಪರೀಕ್ಷೆ ಪಾಸಾದ್ರೂ ಉಗುರು, ತುಟಿ ಬಣ್ಣ ತಿರುಗಿದ್ರೆ ಕರ್ಕೊಂಡು ಬನ್ನಿ. ಪಕ್ಕದ ಮನೆಯವರದ್ದಾಗಲಿ, ನಿಮ್ಮ ಮನೆಯದ್ದಾಗಲಿ, ನಾನು ಟೇಪು ಹಾಕಿಸಲ್ಲ." ಕೊನೆಯ ಮಾತಿಗೆ ಮ್ಯಾನೇಜರು ತಲೆಯೆತ್ತಿ ನೋಡಿದರು. ನನ್ನ ಹಿಂದೆ ನಿಂತಿದ್ದ ಟೈರ್ ಸೆಕ್ಷನ್ನಿನವನು ಮೈಕಿಗೆ ಹೋಗಿ, "ನನ್ನ ಹೆಂಡ್ತಿಗೆ ಡಾಕ್ಟ್ರೇ, ನನ್ನ ಹೆಂಡ್ತಿಗೇ" ಅಂದು ಅಳತೊಡಗಿದ.

ಅಂಗಳದಿಂದ ಮನೆಗೆ ದೂರವೇನಿಲ್ಲ. ನಾನು ಬೇಕೆಂದೇ ನಿಧಾನ ನಡೆದೆ. ಕೈಯಲ್ಲಿ ಈಗ ಆಯುಧ ಇತ್ತು. ನನ್ನ ಮಾತಲ್ಲ, ಡಾಕ್ಟ್ರಮ್ಮನ ಮಾತು. ಅವರೇ ತರಿಸಿಕೊಂಡ ಉತ್ತರ. ಹೋಗಿ ಎದುರಿಗೆ ನಿಂತು, ಹೌದಂತೆ, ಉಳೀತಿದ್ದರಂತೆ, ನೀವು ದಾರಿ ಬಿಟ್ಟಿದ್ದರೆ ಅಂತ ಹೇಳುವುದು. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಹದಮಾಡಿಕೊಂಡೆ. ಅವರು ಕುಸಿಯುವುದನ್ನು ನೋಡಬೇಕು ಅನ್ನುವಷ್ಟು ಕೆಟ್ಟವಳಾಗಿದ್ದೆ ನಾನು ಆ ಹೊತ್ತಿನಲ್ಲಿ.

ಅತ್ತೆ ಮಂಚದ ಮೇಲೆ ಇರಲಿಲ್ಲ. ಬಾಗಿಲಲ್ಲೇ ಕಾಯುತ್ತಿದ್ದರು. ಸೀರೆ ಬದಲಾಯಿಸಿದ್ದರು, ಕೂದಲು ಬಾಚಿ ಗಂಟು ಹಾಕಿಕೊಂಡಿದ್ದರು, ಏನೋ ತೀರ್ಪು ಕೇಳಲು ಹೊರಟವರ ಹಾಗೆ. ಒಂದು ಕೈ ಚೌಕಟ್ಟಿನ ಮೇಲಿತ್ತು. ನನ್ನನ್ನು ನೋಡಿದ ಕೂಡಲೇ ಅದನ್ನು ತೆಗೆದು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

"ಏನಂದ್ರು?"

"ಯಾವಾಗ ಹೋಗಿದ್ರೂ ಅಷ್ಟೇ ಅಂದ್ರು" ಅಂದೆ. "ಬೆಳಿಗ್ಗೆ ಹೋಗಿದ್ರೂ ಉಳೀತಿರ್ಲಿಲ್ವಂತೆ."

ನನ್ನ ಬಾಯಿಂದ ಅದು ಹೇಗೆ ಬಂತೋ. ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಎರಡು ತಟ್ಟೆ ತೆಗೆದರು. ಬಡಿಸಿದರು. ನಾವಿಬ್ಬರೂ ನೆಲದ ಮೇಲೆ ಎದುರುಬದುರು ಕೂತೆವು. ಅವರು ಮೊದಲ ತುತ್ತು ಕಲೆಸಿ ಕೈಯಲ್ಲೇ ಹಿಡಿದುಕೊಂಡು, ತಟ್ಟೆಯನ್ನೇ ನೋಡುತ್ತಾ ಹೇಳಿದರು.

"ನಾಳೆ ಕೇಳಿದ್ರೂ ಇದನ್ನೇ ಹೇಳೇ."